ನೀಲಿ ಹನ್ನೊಂದು, ಕಿತ್ತಳೆ ಎರಡು

ಜುಲೈ. ದಕ್ಷಿಣದ ಗಾಳಿ ಪೊರಿರುವಾದ ಕೊಲ್ಲಿಯನ್ನು ಮಗುಚಿಹಾಕಿ
ನನ್ನ ಔಷಧಿ ಅಂಗಡಿಯ ಬಾಗಿಲನ್ನು ತಾನೇ ತಳ್ಳಿಕೊಂಡು ಬರುತ್ತದೆ.
ಅದರ ಹಿಂದೆ ಸಲಾಯೆವಾಲು ಅಜ್ಜಿ,
ಅಜ್ಜಿಯ ಹಿಂದೆ ಏಳು ವರ್ಷದ ಪೆನಿ,
ಎದೆಯಲ್ಲಿ ಸಣ್ಣದೊಂದು ಸಿಳ್ಳೆ.
"ನೀಲಿ ಪಂಪು ಮುಗಿದಿದೆ."
ಮೊನ್ನೆ ಮೊನ್ನೆ ಕೊಟ್ಟಿದ್ದೆನಲ್ಲ.

ಪರದೆ ತೆರೆದು ನೋಡುತ್ತೇನೆ:
ವರ್ಷವೊಂದಕ್ಕೆ ನೀಲಿ ಹನ್ನೊಂದು, ಕಿತ್ತಳೆ ಎರಡು.
ನಾಲ್ವರು ವೈದ್ಯರು, ನಾಲ್ಕು ಸಹಿ;
ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ ಗುರುತಿಲ್ಲ.

ನೀಲಿಯ ಗುಣವೇ ಹಾಗೆ. ಕರೆದ ಕೂಡಲೇ ಓಡಿಬಂದು
ಎದೆಯ ಕದ ಒದ್ದು ತೆರೆಯುತ್ತದೆ, ಎಲ್ಲರೂ ಹೊಗಳುತ್ತಾರೆ.
ಕಿತ್ತಳೆ, ಪೆನಿಯ ಅಮ್ಮನ ಹಾಗೆ:
ಊರೆಲ್ಲ ಮಲಗಿದ ಮೇಲೆ ಆಸ್ಪತ್ರೆಯ ನೆಲ ಒರೆಸಿ
ಬೆಳಕು ಹರಿಯುವ ಮುಂಚೆ ಹೊರಟುಬಿಡುವವಳು.
ನೆಲ ಕೊಳೆಯಾದ ದಿನ ಮಾತ್ರ
ಅವಳ ನೆನಪು.

ಅಜ್ಜಿಯದೂ ಒಂದು ಲೆಕ್ಕವಿದೆ. ಕೌಂಟರಿಗೆ ಮೊಣಕೈ ಊರಿ ಬಿಚ್ಚುತ್ತಾಳೆ.
ಮೇ ತಿಂಗಳಲ್ಲಿ ಐದು ದಿನ ಸ್ಟಿರಾಯ್ಡ್ ಸಿರಪ್ಪು.
ಎರಡನೆಯ ದಿನ ಇಡೀ ಬ್ರೆಡ್ಡು, ಅರ್ಧ ಡಬ್ಬಿ ಪಿಸುಪೊ ಮುಗಿಸಿ
ತಂಗಿಯ ತೋಳು ಕಚ್ಚಿದ.
ಜೂನಿನಲ್ಲಿ ಚೆರ್ರಿ ರುಚಿಯ ಅಗಿಯುವ ಗುಳಿಗೆ.
ನಡುರಾತ್ರಿ ಎದ್ದು ಕೂತು, ಕಣ್ಣು ತೆರೆದೇ,
"ಸಮುದ್ರ ಮೆಟ್ಟಿಲು ಹತ್ತುತ್ತಿದೆ" ಅಂದ.
ಒಂದು ರಾತ್ರಿಯಲ್ಲ, ಒಂಬತ್ತು.
ಪಾದ್ರಿಯನ್ನು ಕರೆಸಿ ತಲೆಯ ಮೇಲೆ ಕೈ ಇಡಿಸಿದೆವು.

ಗುಳಿಗೆಯ ಡಬ್ಬಿಯೊಳಗೆ ಎಂಟು ಮಡಿಕೆಯ ಕಾಗದವಿರುತ್ತದೆ,
ಇರುವೆ ಸಾಲಿನಂಥ ಅಕ್ಷರ. ಅದರಲ್ಲಿ ಇದೆ: ಕೆಟ್ಟ ಕನಸು, ಸಿಡುಕು, ಅಳು.
"ಯಾರೂ ಹೇಳಲಿಲ್ಲವೇ?"
"ಯಾರೂ ಹೇಳಲಿಲ್ಲ."
ಡಬ್ಬಿಯನ್ನು ಚೀಲಕ್ಕೆ ಹಾಕಿ ಕೊಟ್ಟ ಕೈ ನನ್ನದು.

ಪೆನಿ ತನ್ನ ಬೆರಳು ಚಾಚಿ ತೋರಿಸುತ್ತಾನೆ,
ನೀಲಿ ಎಳೆದ ಮೇಲೆ ಅವು ತಾವೇ ಕುಣಿಯುತ್ತವಂತೆ.
ಶಾಲೆಯ ಹಾಳೆಯಲ್ಲಿ ಅವನ ಹೆಸರು
ಅಲೆಯ ಮೇಲಿನ ದೋಣಿ. ಅವನಿಗದು ಹೆಮ್ಮೆ.

"ಕಿತ್ತಳೆಯನ್ನು ನಾನೇ ನಿಲ್ಲಿಸಿದೆ," ಅಜ್ಜಿ ದನಿ ತಗ್ಗಿಸುತ್ತಾಳೆ.
"ಅದು ಮಕ್ಕಳನ್ನು ಗಿಡ್ಡ ಮಾಡುತ್ತದಂತೆ.
ನಮ್ಮಲ್ಲಿ ಗಂಡಸರು ಬಾಗಿಲಿಗೆ ತಲೆ ಬಗ್ಗಿಸಿ ನಡೆಯುವವರು."

ಸುಳ್ಳಲ್ಲ, ಅಂದೆ.
ಕಿರುಬೆರಳಿನ ಅಗಲದಷ್ಟು ಕಡಿಮೆಯಾದರೂ ಆಗಬಹುದು.
ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.
ನಮ್ಮ ಮನೆಯ ಚೌಕಟ್ಟಿನಲ್ಲೂ ಪೆನ್ಸಿಲ್ ಗೆರೆಗಳಿದ್ದವು, ಅಜ್ಜೀ.
ಅಣ್ಣ ಹೋಹೆಪಾನ ಗೆರೆ ಹದಿಮೂರಕ್ಕೆ ನಿಂತಿದೆ.
ಅವನ ಮುಷ್ಟಿಯಲ್ಲಿ ಆ ಕಾಲದ ಗಡಸು ಪಂಪು ಇತ್ತು, ಖಾಲಿ.
ಕದ ತೆರೆಯುತ್ತಲೇ ಇದ್ದೆವು, ಮತ್ತೆ ಮತ್ತೆ;
ಒಳಗೆ ಗೋಡೆ ಊದುತ್ತಿರುವುದನ್ನು
ಯಾರೂ ಕೇಳಲಿಲ್ಲ.

ಅಜ್ಜಿ ತುಂಬ ಹೊತ್ತು ನನ್ನ ಮುಖ ನೋಡಿದಳು.
ಆಮೇಲೆ ಕಿತ್ತಳೆಯನ್ನು ಎತ್ತಿಕೊಂಡು, ತೂಗಿ ನೋಡಿ,
ರವಿಕೆಯೊಳಗೆ ಇಟ್ಟುಕೊಂಡಳು, ಹಣ ಇಡುವ ಜಾಗದಲ್ಲಿ.

"ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು ಮರಿ,
ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬೆಳೆಯುತ್ತದೆ."
"ನಮ್ಮ ಮಲಗುವ ಕೋಣೆ ಗೋಡೆ ಥರವಾ?
ನಮ್ಮದು ಕಪ್ಪು."

ಗೋಡೆಗೆ ಚೀಟಿ ಬರೆಯುವ ವೈದ್ಯರು
ನನ್ನ ಪರದೆಯಲ್ಲಿ ಇಲ್ಲ.

ಗುಳಿಗೆಯ ವಿಷಯ ಹೇಳಲು ಕ್ಲಿನಿಕ್ಕಿಗೆ ಫೋನು ಹಚ್ಚಿದ್ದೇನೆ.
ಕಿವಿಯಲ್ಲಿ ಪಿಯಾನೊ, ನಡುನಡುವೆ ಒಬ್ಬ ಹೆಂಗಸು:
ದಯವಿಟ್ಟು ಕಾಯಿರಿ, ನಿಮ್ಮ ಸರದಿ ಆರನೆಯದು.
ಪೆನಿ ಸ್ಪೇಸರಿಗೆ ಬಾಯಿ ಹಚ್ಚಿ ಉಸಿರು ಎಣಿಸುತ್ತಿದ್ದಾನೆ.
ಗಾಳಿ ಮತ್ತೊಮ್ಮೆ ಬಾಗಿಲು ತಳ್ಳುತ್ತದೆ.
ಐದು.